ಹಸಿರು ಬೋರ್ಡಿನ ಹತ್ತಿರ ಒಂದು ಡಬ್ಬಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ ರಾಜ್ಯದಲ್ಲಿ ಕಾರು ಓಡಿಸಿದವರೆಲ್ಲ ಆ ಹಸಿರು ಬೋರ್ಡುಗಳನ್ನು ನೋಡಿರುತ್ತೀರಿ. ರಸ್ತೆ ಪಕ್ಕ ಸುಮ್ನೆ ನಿಂತಿರುತ್ತವೆ. ಹಸಿರು ಬಣ್ಣ, ಬಿಳಿ ಅಕ್ಷರ, ಮೇಲೊಂದು ತಲೆಬರಹ, ಕೆಳಗೆ ಒಂದಷ್ಟು ಸಾಲು. ಇಲ್ಲಿ ಹಿಂದೆ ಇಂಥದ್ದು ನಡೆಯಿತು, ಇಂಥವರು ಹುಟ್ಟಿದರು, ಇಲ್ಲೊಂದು ಸೇತುವೆ ಇತ್ತು ಅಂತ ರಾಜ್ಯ ಸರ್ಕಾರ ಬರೆಸಿ ನಿಲ್ಲಿಸಿದ್ದು. ಈ ಪುಟ್ಟ ರಾಜ್ಯದಲ್ಲೇ ಸುಮಾರು 280 ಇವೆ. ನೋಡಿರುತ್ತೀರಿ ಅಂದೆ, ಓದಿರುತ್ತೀರಿ ಅನ್ನಲಿಲ್ಲ. ಗಂಟೆಗೆ 50 ಮೈಲಿ ಸ್ಪೀಡಿನಲ್ಲಿ, ಹಿಂದೆ ಒಂದು ಪಿಕಪ್ ಟ್ರಕ್ಕು ಬಂಪರ್‌ಗೆ ಅಂಟಿಕೊಂಡು ಬರುತ್ತಿರುವಾಗ, ತಲೆಬರಹದ ಅರ್ಧ ಕಣ್ಣಿಗೆ ಬಿದ್ದರೆ ಅದೇ ಜಾಸ್ತಿ.

ನಾನು ಇವುಗಳ ಮುಂದೆ ಗಾಡಿ ನಿಲ್ಲಿಸುವುದು ಇತಿಹಾಸದ ಮೇಲಿನ ಪ್ರೀತಿಯಿಂದ ಅಲ್ಲ. ಜಿಯೋಕ್ಯಾಶಿಂಗ್ ಅನ್ನೋ ಆಟಕ್ಕಾಗಿ. ಈ ಆಟ ಆಡುತ್ತಾ ಆಡುತ್ತಾ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಈ ಬೋರ್ಡುಗಳನ್ನು ಅಕ್ಷರ ಬಿಡದೆ ಓದುವ ಜನ ಅಂತ ಯಾರಾದರೂ ಇದ್ದರೆ, ಅದು ಪ್ಲಾಸ್ಟಿಕ್ ಡಬ್ಬಿ ಹುಡುಕಿಕೊಂಡು ಅಲೆಯುವ ನಮ್ಮಂಥವರೇ. ಬೋರ್ಡು ಬರೆದ ಅಧಿಕಾರಿಗಳ ಆಮೇಲೆ, ಬಹುಶಃ ನಾವೇ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಯಾರೋ ಒಬ್ಬರು ಒಂದು ಡಬ್ಬಿ ಬಚ್ಚಿಡುತ್ತಾರೆ. ಅದಕ್ಕೆ ಕ್ಯಾಶ್ ಅಂತ ಹೆಸರು, ದುಡ್ಡಿನ ಕ್ಯಾಶ್ ಅಲ್ಲ. ಅದಿರುವ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ನಾವು ಫೋನ್ ಹಿಡಿದುಕೊಂಡು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿರುವ ಚೀಟಿಯಲ್ಲಿ ಹೆಸರು, ತಾರೀಕು ಬರೆದು, ಇದ್ದ ಜಾಗದಲ್ಲಿ ಇದ್ದ ಹಾಗೇ ಇಟ್ಟು ಬರಬೇಕು. ಬಹುಮಾನ ಇಲ್ಲ, ಚಪ್ಪಾಳೆ ಇಲ್ಲ. ಪ್ರಪಂಚದಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ. ನನ್ನ ಹೆಂಡತಿಗೆ ಇದರಲ್ಲಿ ಏನು ಸುಖ ಅಂತ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಕಾರಿನಲ್ಲಿ ಕೂತು ಕಾಫಿ ಕುಡಿಯಲು ಅವಳದೇನೂ ತಕರಾರಿಲ್ಲ.

ಶುರುವಾಗಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕದ ಸೇನೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್ ಅನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು, ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದ ಮೇಲೆ ಮೇ 1ರ ಮಧ್ಯರಾತ್ರಿ ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಅನ್ನೋ ಊರಿನ ಹತ್ತಿರ ಡೇವ್ ಅಲ್ಮರ್ ಎಂಬಾತ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಲೆಕ್ಕವನ್ನು, ಉತ್ತರ 45° 17.460, ಪಶ್ಚಿಮ 122° 24.800 ಅಂತ, ಇಂಟರ್ನೆಟ್ಟಿನಲ್ಲಿ ಹಾಕಿದ. ಒಳಗೆ ಏನೇನಿತ್ತು ಅಂದರೆ ಪುಸ್ತಕ, ವಿಡಿಯೋ, ಸಾಫ್ಟ್‌ವೇರ್, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬ ಬೀನ್ಸ್. ಮೈಕ್ ಟೀಗ್ ಎಂಬಾತ ಅದನ್ನು ಮೊದಲು ಹುಡುಕಿದ. ಬಕೆಟ್ಟು ಹೋಯಿತು, ಬೀನ್ಸ್ ಡಬ್ಬ ಉಳಿಯಿತು. ಅದನ್ನು ಆಟಗಾರರು ಇಂದಿಗೂ ಪೂಜ್ಯ ವಸ್ತು ಅನ್ನೋ ಹಾಗೆ ನೋಡುತ್ತಾರೆ. ಬಕೆಟ್ಟು ಇದ್ದ ಜಾಗದಲ್ಲಿ ಈಗ ರಸ್ತೆ ಪಕ್ಕ ಒಂದು ಸ್ಮಾರಕ ಫಲಕ ಇದೆ. ಆಟ ಹುಟ್ಟಿದ ಜಾಗವೇ ಒಂದು ಐತಿಹಾಸಿಕ ಫಲಕ ಆಗಿಬಿಟ್ಟಿದೆ, ಚೆನ್ನಾಗಿದೆ ಅಲ್ವಾ!

ಈಗ ಬೋರ್ಡಿನ ವಿಷಯಕ್ಕೆ ಬರೋಣ. ಡಬ್ಬಿ ಬಚ್ಚಿಡುವವರಿಗೆ ಐತಿಹಾಸಿಕ ಬೋರ್ಡು ಅಂದರೆ ಯಾಕೆ ಇಷ್ಟ? ಒಂದು, ಅಲ್ಲಿ ಗಾಡಿ ನಿಲ್ಲಿಸಲು ಸಾಮಾನ್ಯವಾಗಿ ಸ್ವಲ್ಪ ಜಾಗ ಇರುತ್ತದೆ. ಇನ್ನೊಂದು, ಅದೇ ಮುಖ್ಯ, ಬೋರ್ಡಿನಲ್ಲಿ ಅಂಕಿಗಳಿರುತ್ತವೆ. ಇಸವಿ, ತಾರೀಕು, ಮೈಲಿ, ಬೋರ್ಡಿನ ನಂಬರು. ಡಬ್ಬಿಯನ್ನು ಬೋರ್ಡಿಗೇ ಅಂಟಿಸುವ ಹಾಗಿಲ್ಲ. ಅದು ಸರ್ಕಾರದ ಸ್ವತ್ತು, ಮೊಳೆ ಹೊಡೆಯುವುದು, ಬುಡ ಕೆದಕುವುದು ಎಲ್ಲ ನಿಷಿದ್ಧ. ಹಾಗಾಗಿ ಬೋರ್ಡನ್ನು ಬರೀ ಸುಳಿವಾಗಿ ಇಟ್ಟು, ಡಬ್ಬಿಯನ್ನು ಬೇರೆ ಕಡೆ ಇಡುತ್ತಾರೆ. ಆ್ಯಪ್‌ನಲ್ಲಿ ಸಿಗುವುದು ಬೋರ್ಡಿನ ಜಾಗ ಮಾತ್ರ. ಅಲ್ಲಿಗೆ ಹೋಗಿ ಓದಿದರೆ ಮುಂದಿನ ಲೆಕ್ಕ.

ಆ ಲೆಕ್ಕ ಹೀಗಿರುತ್ತದೆ. ‘ಎ’ ಅಂದರೆ ಬೋರ್ಡಿನಲ್ಲಿ ಬರುವ ಮೊದಲ ಇಸವಿಯ ಕೊನೆಯ ಅಂಕಿ. ‘ಬಿ’ ಅಂದರೆ ಮೂರನೇ ಸಾಲಿನ ಪದಗಳ ಸಂಖ್ಯೆಯಲ್ಲಿ ನಾಲ್ಕು ಕಳೆದರೆ ಉಳಿಯುವುದು. ‘ಸಿ’ ಅಂದರೆ ಸೇತುವೆ ಕಟ್ಟಿದವನ ಹೆಸರಿನಲ್ಲಿ ಎಷ್ಟು ಅಕ್ಷರ. ಮೂರನ್ನೂ ಪಕ್ಕ ಪಕ್ಕ ಜೋಡಿಸಿ ಅಕ್ಷಾಂಶದ ಕೊನೆಯ ಮೂರು ಅಂಕಿ ಮಾಡಿಕೊಳ್ಳಿ. ಕೊನೆಯ ಅಂಕಿಯಲ್ಲಿ ಒಂದು ಹೆಚ್ಚುಕಮ್ಮಿಯಾದರೆ 2 ಮೀಟರ್‌ಗಿಂತ ಕಮ್ಮಿ ವ್ಯತ್ಯಾಸ, ಪರವಾಗಿಲ್ಲ. ಅದರ ಹಿಂದಿನದರಲ್ಲಿ ಆದರೆ 18 ಮೀಟರ್. ಅದಕ್ಕೂ ಹಿಂದಿನದರಲ್ಲಿ ಆದರೆ 185 ಮೀಟರ್, ಯಾರದೋ ಮನೆ ಅಂಗಳದಲ್ಲಿ ನಿಂತಿರುತ್ತೀರಿ. ಹಾಗಾಗಿ ಬೋರ್ಡನ್ನು ಗಮನ ಇಟ್ಟು ಓದಲೇಬೇಕು. ಹೈಫನ್ ಇರುವ ಪದ ಒಂದಾ ಎರಡಾ ಅಂತ ಜನ ನಡುಬೀದಿಯಲ್ಲಿ ಜಗಳ ಆಡುವುದನ್ನು ನೋಡಿದ್ದೇನೆ. ಗಂಡ ಒಂದು ಅನ್ನುತ್ತಾನೆ, ಹೆಂಡತಿ ಎರಡು ಅನ್ನುತ್ತಾಳೆ, ಮಗು ಕಾರಿನಲ್ಲಿ ಅಳುತ್ತಿರುತ್ತದೆ.

ಒಂದು ಹುಡುಕಾಟದ ಬಗ್ಗೆ ಹೇಳುತ್ತೇನೆ. ಯಾವ ಬೋರ್ಡು ಅಂತ ಹೇಳುವುದಿಲ್ಲ. ಬಚ್ಚಿಟ್ಟವರ ಆಟ ಕೆಡಿಸಬಾರದು, ಅದು ನಮ್ಮಲ್ಲಿ ದೊಡ್ಡ ಪಾಪ. ಅಕ್ಟೋಬರ್ ತಿಂಗಳು, ಎಲೆಗಳೆಲ್ಲ ಉದುರಿ ನೆಲ ಪೂರ್ತಿ ಮುಚ್ಚಿತ್ತು. ಅಂಕಿಗಳನ್ನು ಕೂಡಿ ಕಳೆದಾಗ ಬಂದ ಜಾಗ ರಸ್ತೆಯ ಆಚೆ ಬದಿಯ ಕಬ್ಬಿಣದ ತಡೆಬೇಲಿ. ತಡೆಬೇಲಿ ಅಂದರೆ ಅನುಭವ ಇದ್ದವರಿಗೆ ಅರ್ಧ ಉತ್ತರ ಸಿಕ್ಕ ಹಾಗೇ. ಅಯಸ್ಕಾಂತ ಇರುವ ಪುಟ್ಟ ಪೆಟ್ಟಿಗೆ, ಕಾರಿನ ಎಕ್ಸ್‌ಟ್ರಾ ಕೀಲಿ ಇಡಲು ಮಾರುತ್ತಾರಲ್ಲ ಅದು, ಬೇಲಿಯ ಹಿಂಬದಿಯಲ್ಲಿ ಎಲ್ಲೋ ಕಚ್ಚಿಕೊಂಡಿರುತ್ತದೆ. ಕೈ ಹಾಕಿ ತಡವಿದೆ. ಮೊದಲು ಜೇಡರಬಲೆ, ಆಮೇಲೆ ತುಕ್ಕು, ಆಮೇಲೆ ಒಂದು ಬೋಲ್ಟು, ಆ ಬೋಲ್ಟು ಯಾಕೋ ಸ್ವಲ್ಪ ಅಲ್ಲಾಡಿತು. ನಿಜವಾದ ಬೋಲ್ಟು ಅಲ್ಲಾಡುವುದಿಲ್ಲ. ಎಳೆದರೆ ಕೈಗೇ ಬಂತು. ಟೊಳ್ಳು ಬೋಲ್ಟು, ತಲೆ ಕಡೆ ಅಯಸ್ಕಾಂತ, ಒಳಗೆ ಬೀಡಿಯ ಹಾಗೆ ಸುತ್ತಿದ ಒಂದು ಚೀಟಿ. ಬಿಚ್ಚಿದರೆ ಮೇಲಿನ ಎರಡು ಇಂಚು ನೀರು ಕುಡಿದು ಶಾಯಿ ಹರಡಿ ನೀಲಿ ಮೋಡ ಆಗಿತ್ತು. ಕೆಳಗಿನ ಭಾಗ ಒಣಗಿತ್ತು. ಹೆಸರು ಬರೆಯಲು ಪೆನ್ಸಿಲ್ಲೇ ಬೇಕು, ಒದ್ದೆ ಕಾಗದದ ಮೇಲೆ ಬಾಲ್ ಪೆನ್ನು ಕೈಕೊಡುತ್ತದೆ. ಸುತ್ತಿ ವಾಪಸ್ ತುರುಕುವುದಕ್ಕೆ ಹುಡುಕಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಇದರ ಮಧ್ಯೆ ಇನ್ನೊಂದು ಗೋಳು. ರಸ್ತೆ ಬದಿಯ ಬೇಲಿಯ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಏನೋ ತಡವುತ್ತಿರುವ ಕಂದು ಬಣ್ಣದ ಮನುಷ್ಯ ದಾರಿಹೋಕರಿಗೆ ಹೇಗೆ ಕಾಣುತ್ತಾನೆ? ಈ ಪ್ರಶ್ನೆ ನನ್ನ ಬಿಳಿಯ ಗೆಳೆಯರ ತಲೆಗೆ ಬರುವುದೇ ಇಲ್ಲ. ನನ್ನ ತಲೆಯಿಂದ ಹೋಗುವುದೇ ಇಲ್ಲ. ಡಬ್ಬಿಯನ್ನು ನೋಡಿ ಯಾರೋ ಹೆದರಿ, ಪೊಲೀಸರು ಬಾಂಬ್ ತಂಡವನ್ನು ಕರೆಸಿದ ಪ್ರಸಂಗಗಳು ಈ ದೇಶದಲ್ಲಿ ನಡೆದಿವೆ. ಅದಕ್ಕೇ ನಾನು ಹೊಳೆಯುವ ಕಿತ್ತಳೆ ಜಾಕೆಟ್ಟು ಹಾಕಿಕೊಳ್ಳುತ್ತೇನೆ, ಕೈಯಲ್ಲೊಂದು ಕ್ಲಿಪ್‌ಬೋರ್ಡ್ ಇಟ್ಟುಕೊಳ್ಳುತ್ತೇನೆ. ಇದು ಆಟಗಾರರ ಹಳೇ ಉಪಾಯ. ಕಿತ್ತಳೆ ಜಾಕೆಟ್ಟು ಹಾಕಿಕೊಂಡು ಕ್ಲಿಪ್‌ಬೋರ್ಡ್ ಹಿಡಿದವನು ಏನು ಮಾಡಿದರೂ ಯಾರೂ ಕೇಳುವುದಿಲ್ಲ, ರಸ್ತೆ ಇಲಾಖೆಯವನು ಅಂದುಕೊಂಡು ಹೋಗುತ್ತಾರೆ. ಬೇಸಿಗೆಯಲ್ಲಾದರೆ ಉಣ್ಣಿಯ ಭಯ ಬೇರೆ. ಇಲ್ಲಿನ ಜಿಂಕೆ ಉಣ್ಣಿ ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿಕೊಂಡು ಓಡಾಡುವುದು ನೋಡಲು ಚೆಂದ ಅಲ್ಲ, ಆದರೆ ಬೇರೆ ದಾರಿ ಇಲ್ಲ.

ಸರಿ, ಡಬ್ಬಿ ಪುರಾಣ ಸಾಕು. ಹೀಗೆ ಓದುವಾಗ ಸಿಕ್ಕ ಬೋರ್ಡುಗಳ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥ ಇಲ್ಲ. ಲಿಂಕನ್ ಅನ್ನೋ ಊರಿನಲ್ಲಿ, 3ನೇ ರಸ್ತೆಯ ಪಕ್ಕ, 2011ರಲ್ಲಿ ನಿಲ್ಲಿಸಿದ ಒಂದು ಬೋರ್ಡಿದೆ. ಬೆಟ್ಟಿ ಮತ್ತು ಬಾರ್ನಿ ಹಿಲ್ ಅವರದ್ದು. ಪೋರ್ಟ್ಸ್‌ಮತ್ ಊರಿನ ಗಂಡ ಹೆಂಡತಿ. 1961ರ ಸೆಪ್ಟೆಂಬರ್ 19ರ ರಾತ್ರಿ ಕೆನಡಾ ಪ್ರವಾಸ ಮುಗಿಸಿ ಇದೇ ರಸ್ತೆಯಲ್ಲಿ ದಕ್ಷಿಣಕ್ಕೆ ಬರುತ್ತಿದ್ದಾಗ ಹಾರುವ ತಟ್ಟೆ ಎದುರಾಯಿತು, ಎರಡು ಗಂಟೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ ಅಂತ ಅವರು ಹೇಳಿದ್ದು. ಸಿಗಾರ್ ಆಕಾರದ, ಜಗಮಗ ಬೆಳಕಿನ ಹಡಗು ಅಂತ ವಾಯುಸೇನೆಗೆ ವರದಿ ಕೊಟ್ಟರು. ನಾಲ್ಕು ವರ್ಷ ಯಾರಿಗೂ ದೊಡ್ಡದಾಗಿ ಹೇಳಿಕೊಳ್ಳಲಿಲ್ಲ. 1965ರಲ್ಲಿ ಬಾಸ್ಟನ್ನಿನ ಪತ್ರಿಕೆಗೆ ಸುದ್ದಿ ಸೋರಿಕೆಯಾಗಿ ದೇಶ ಪೂರ್ತಿ ಗೊತ್ತಾಯಿತು.

ಪದ ಎಣಿಸುತ್ತಾ ಓದಿದ್ದಕ್ಕೆ ನನಗೆ ಇಲ್ಲೊಂದು ತಮಾಷೆ ಕಂಡಿತು. ಆ ಬೋರ್ಡಿನಲ್ಲಿ ಉದ್ಧರಣ ಚಿಹ್ನೆ ಇರುವುದು ಒಂದೇ ಒಂದು ಪದಕ್ಕೆ. ಎರಡು ಗಂಟೆ ‘ಕಳೆದುಹೋಯಿತು’ ಅನ್ನುವಲ್ಲಿ. ಹಾರುವ ವಸ್ತು ಎದುರಾಗಿದ್ದಕ್ಕೆ ಚಿಹ್ನೆ ಇಲ್ಲ! ಅಂದರೆ ಸರ್ಕಾರ ತಟ್ಟೆಯನ್ನು ನಂಬುತ್ತದೆ, ಕಾಲ ಕಳೆದುಹೋಗಿದ್ದನ್ನು ಮಾತ್ರ ಅನುಮಾನಿಸುತ್ತದೆ. ಬರೆದ ಗುಮಾಸ್ತರು ಹೀಗೆ ಯೋಚಿಸಿರಲಿಕ್ಕಿಲ್ಲ. ಆದರೂ ಬೋರ್ಡು ಹಾಗೆ ಹೇಳುತ್ತದೆ. ಇನ್ನೊಂದು ಏನೆಂದರೆ, ಬಾರ್ನಿ ಕಪ್ಪು ಜನಾಂಗದವರು, ಬೆಟ್ಟಿ ಬಿಳಿಯರು. 1961ರಲ್ಲಿ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇಂಥ ಮದುವೆ ಕಾನೂನಿಗೇ ವಿರುದ್ಧ. ಇಬ್ಬರೂ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಇದ್ದವರು. ಬಾರ್ನಿ ಅಂಚೆ ಇಲಾಖೆಯಲ್ಲಿ, ಬೆಟ್ಟಿ ಸಮಾಜಸೇವೆಯಲ್ಲಿ. ಇದ್ಯಾವುದೂ ಬೋರ್ಡಿನಲ್ಲಿ ಇಲ್ಲ. ನನಗೆ ಕೇಳಿದರೆ ತಟ್ಟೆಗಿಂತ ಆ ಮದುವೆಯೇ ದೊಡ್ಡ ಸುದ್ದಿ. ಹತ್ತಿರದ ಪೆಟ್ರೋಲ್ ಬಂಕಿನವರಿಗೆ ಮಾತ್ರ ತಟ್ಟೆಯೇ ಸುದ್ದಿ. ಅಲ್ಲಿ ಅನ್ಯಗ್ರಹದವರ ಚಿತ್ರಗಳೇ ಚಿತ್ರಗಳು.

ಅದೇ ರಸ್ತೆಯಲ್ಲಿ ಇನ್ನೂ ಉತ್ತರಕ್ಕೆ ಹೋದರೆ ಫ್ರಾಂಕೋನಿಯಾ ಕಣಿವೆ. ಅಲ್ಲಿ ಬೆಟ್ಟದ ಮೇಲೆ ಮುದುಕನ ಮುಖದ ಹಾಗೆ ಕಾಣುವ ಬಂಡೆ ಇತ್ತು, ಈ ರಾಜ್ಯದ ಹೆಮ್ಮೆ. ಅದು 2003ರ ಮೇ 3ಕ್ಕೆ ಬಿದ್ದುಹೋಯಿತು. ರಾಜ್ಯದ ರಸ್ತೆ ನಂಬರಿನ ಬೋರ್ಡುಗಳ ಮೇಲೆ ಇನ್ನೂ ಅದೇ ಮುದುಕನ ಮುಖ. ಆಟ ಹುಟ್ಟಿದ್ದೂ ಮೇ 3, ಮುದುಕ ಬಿದ್ದದ್ದೂ ಮೇ 3. ಇದಕ್ಕೇನೂ ಅರ್ಥ ಇಲ್ಲ. ತಾರೀಕು ಕೂಡಿ ಕಳೆಯುವ ಚಟ ಹತ್ತಿದವರಿಗೆ ಇಂಥವು ಕಣ್ಣಿಗೆ ಬೀಳುತ್ತವೆ, ಅಷ್ಟೇ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಹ್ಯಾನೋವರ್‌ನ ಬೋರ್ಡು. 120ನೇ ರಸ್ತೆಯ ಪಕ್ಕ 2019ರಲ್ಲಿ ನಿಲ್ಲಿಸಿದ್ದಾರೆ. ಯುದ್ಧ ಅಲ್ಲ, ಸೇತುವೆ ಅಲ್ಲ, ಯಾರ ಹುಟ್ಟೂ ಅಲ್ಲ. ಒಂದು ಕಂಪ್ಯೂಟರ್ ಭಾಷೆಯ ಬೋರ್ಡು. ಬೇಸಿಕ್! ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರುಗಳಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್, ಜೊತೆಗೆ ಅವರ ವಿದ್ಯಾರ್ಥಿಗಳು ಸೇರಿ ಮಾಡಿದ್ದು. 1964ರ ಮೇ 1, ಬೆಳಗಿನ ಜಾವ 4 ಗಂಟೆಗೆ ಮೊದಲ ಬಾರಿ ಓಡಿತು. ಆಗ ಕಂಪ್ಯೂಟರ್ ಅಂದರೆ ತೂತು ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು, ಗಂಟೆಗಟ್ಟಲೆ ಕಾದು, ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಪುನಃ ಮೊದಲಿನಿಂದ ಮಾಡುವುದು. ಇವರು ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆ ಮಾಡಿ, ಗಣಿತ ಓದದ ಹುಡುಗರಿಗೂ ಅರ್ಥವಾಗುವ ಭಾಷೆ ಕೊಟ್ಟರು. ಕೆಮೆನಿ ಬುಡಾಪೆಸ್ಟಿನಲ್ಲಿ ಹುಟ್ಟಿ ಇಲ್ಲಿಗೆ ವಲಸೆ ಬಂದವರು, ಪ್ರಿನ್ಸ್‌ಟನ್ನಿನಲ್ಲಿ ಐನ್‌ಸ್ಟೈನ್‌ಗೆ ಸಹಾಯಕರಾಗಿದ್ದವರು. 1992ರಲ್ಲಿ ತೀರಿಕೊಂಡರು. ಕರ್ಟ್ಜ್ ಮೊನ್ನೆ ಮೊನ್ನೆ, 2024ರಲ್ಲಿ ಹೋದರು.

ಈ ಭಾಷೆ ನಮ್ಮನ್ನೂ ಮುಟ್ಟಿದೆ. 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಯೋಜನೆ ಶುರು ಮಾಡಿದಾಗ ಬಂದದ್ದು ಬಿಬಿಸಿ ಮೈಕ್ರೋ ಯಂತ್ರಗಳು, ಅದರಲ್ಲಿದ್ದದ್ದು ಬೇಸಿಕ್. ನಮ್ಮ ಕಾಲಕ್ಕೆ ಜಿಡಬ್ಲ್ಯೂ ಬೇಸಿಕ್. ಕಂಪ್ಯೂಟರ್ ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು, ಸಾಲಾಗಿ ಒಳಗೆ ಹೋಗಿ, ಒಂದು ಯಂತ್ರಕ್ಕೆ ಮೂರು ಜನ ಕೂತು, ಕೀಬೋರ್ಡು ಯಾರ ಕೈಯಲ್ಲಿ ಅಂತ ಕಿತ್ತಾಡಿ ಕಲಿತದ್ದು. 10 ಪ್ರಿಂಟ್, ಕೊಟೇಶನ್ ಒಳಗೆ ಹೆಸರು. 20 ಗೋಟು 10, ಅಂದರೆ ಮತ್ತೆ 10ನೇ ಸಾಲಿಗೆ ಹೋಗು ಅಂತ. ರನ್ ಅಂದ ಕೂಡಲೇ ಕಪ್ಪು ಪರದೆ ತುಂಬ ಹೆಸರು ಹರಿಯುತ್ತಲೇ ಇರುವುದು, ಮಿಸ್ಸು ಓಡಿ ಬಂದು ನಿಲ್ಲಿಸುವುದು. ಸಾಫ್ಟ್‌ವೇರ್ ಕೆಲಸ ಅಂತ ಈ ದೇಶಕ್ಕೆ ಬಂದ ಎಷ್ಟೋ ಕನ್ನಡಿಗರ ಮೊದಲ ಪ್ರೋಗ್ರಾಂ ಇದೇ ಇರಬೇಕು. ಅದರ ತವರು ಈ ರಸ್ತೆ ಬದಿ ಅಂತ ಎಷ್ಟು ಜನಕ್ಕೆ ಗೊತ್ತು? ನಾನು ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದೇ ನಿಮಿಷದಲ್ಲಿ ಎಲ್ಲರೂ ‘20 ಗೋಟು 10’ ಅಂತ ಕಳಿಸಲು ಶುರು ಮಾಡಿದರು. ಒಬ್ಬನಂತೂ ರಾತ್ರಿ ಪೂರ್ತಿ ನಿಲ್ಲಿಸಲಿಲ್ಲ.

ಆ ಬೋರ್ಡು ತಾನಾಗಿ ಬರಲಿಲ್ಲ. ಕಾನ್‌ಕಾರ್ಡ್ ಊರಿನ ಪತ್ರಿಕೆಯ ಅಂಕಣಕಾರರೊಬ್ಬರು ಹಟ ಹಿಡಿದು ಅರ್ಜಿ ಹಾಕಿದ್ದಕ್ಕೆ ಬಂದದ್ದು. ಈ ರಾಜ್ಯದಲ್ಲಿ ಯಾರು ಬೇಕಾದರೂ ಬೋರ್ಡು ಕೇಳಬಹುದು. 20 ಜನ ಇಲ್ಲಿನ ನಿವಾಸಿಗಳ ಸಹಿ ಬೇಕು, ಹೇಳುವ ವಿಷಯಕ್ಕೆ ಗಟ್ಟಿ ದಾಖಲೆ ಬೇಕು. ಇದು ನನಗೆ ಬಹಳ ಹಿಡಿಸಿತು. ಇತಿಹಾಸ ಅಂದರೆ 20 ಸಹಿ.

ಈ ಬೋರ್ಡುಗಳಲ್ಲಿ 1ನೇ ನಂಬರಿನದು ತೀರಾ ಉತ್ತರದ ಪಿಟ್ಸ್‌ಬರ್ಗ್‌ನಲ್ಲಿದೆ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಅಲ್ಲ, ಅಲ್ಲಿಗೆ ಹೋಗಿ ವೆಂಕಟೇಶ್ವರನ ದರ್ಶನ ಮಾಡಿಕೊಂಡು ಬರಬೇಡಿ. ಇದು ಕೆನಡಾ ಗಡಿಯ ಸಣ್ಣ ಊರು, ಜನಕ್ಕಿಂತ ಮೂಸ್ ಅನ್ನೋ ದೈತ್ಯ ಕಡವೆಗಳ ಹೆದರಿಕೆಯೇ ಜಾಸ್ತಿ. 1783ರ ಒಪ್ಪಂದದಲ್ಲಿ ಗಡಿಯನ್ನು ಸರಿಯಾಗಿ ಬರೆಯಲಿಲ್ಲ. ಕನೆಕ್ಟಿಕಟ್ ನದಿಯ ಮೂಲ ಅಂತ ಬರೆದರು, ಯಾವ ಹಳ್ಳ ಮೂಲ ಅಂತ ಹೇಳಲಿಲ್ಲ. ಎರಡೂ ದೇಶದವರು ತೆರಿಗೆ ಕೇಳಲು ಬಂದಾಗ ಅಲ್ಲಿನ ಸುಮಾರು 300 ಜನ ನೀವಿಬ್ಬರೂ ಬೇಡ ಅಂತ 1832ರಲ್ಲಿ ತಮ್ಮದೇ ಇಂಡಿಯನ್ ಸ್ಟ್ರೀಮ್ ಗಣರಾಜ್ಯ ಘೋಷಿಸಿಕೊಂಡರು. ಸಂವಿಧಾನವನ್ನೂ ಬರೆದುಕೊಂಡರು. 1835ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸೇನೆ ನುಗ್ಗಿತು, ಕಥೆ ಮುಗಿಯಿತು. ಗಡಿ ತೀರ್ಮಾನವಾಗಿದ್ದು 1842ರಲ್ಲಿ. ಅಕ್ಷಾಂಶ ರೇಖಾಂಶ ಸರಿಯಾಗಿ ಬರೆಯದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಜಿಯೋಕ್ಯಾಶಿಂಗ್ ಆಡುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಬೋರ್ಡು ಬರುವ ಕಥೆ ಹೇಳಿದೆ, ಹೋಗುವ ಕಥೆಯೂ ಇದೆ. ಎಲಿಜಬೆತ್ ಗರ್ಲಿ ಫ್ಲಿನ್ ಅಂತ ಒಬ್ಬರು, 1890ರಲ್ಲಿ ಕಾನ್‌ಕಾರ್ಡ್‌ನಲ್ಲಿ ಹುಟ್ಟಿದವರು. ಕಾರ್ಮಿಕ ಹೋರಾಟಗಾರ್ತಿ, ನಾಗರಿಕ ಹಕ್ಕುಗಳ ದೊಡ್ಡ ಸಂಸ್ಥೆಯಾದ ಎಸಿಎಲ್‌ಯು ಕಟ್ಟಿದವರಲ್ಲಿ ಒಬ್ಬರು, ಆಮೇಲೆ ಕಮ್ಯುನಿಸ್ಟ್ ಪಕ್ಷ ಸೇರಿ ಜೈಲಿಗೂ ಹೋದವರು. ಎಲ್ಲ ನಿಯಮದ ಪ್ರಕಾರ ಅವರ ಹೆಸರಿನ ಬೋರ್ಡು 2023ರ ಮೇ 1ಕ್ಕೆ ಕಾನ್‌ಕಾರ್ಡ್‌ನಲ್ಲಿ ಅನಾವರಣ ಆಯಿತು. ಕಮ್ಯುನಿಸ್ಟರಿಗೆ ಬೋರ್ಡಾ ಅಂತ ರಾಜ್ಯದ ಕಾರ್ಯಕಾರಿ ಮಂಡಳಿಯ ಸದಸ್ಯರು ಗಲಾಟೆ ಎಬ್ಬಿಸಿದರು. ಎರಡೇ ವಾರದಲ್ಲಿ ಕಿತ್ತು ಹಾಕಿದರು. ಬೆಂಬಲಿಗರು ಕೋರ್ಟಿಗೆ ಹೋದರು. ನಿಮಗೆ ಕೇಳುವ ಹಕ್ಕೇ ಇಲ್ಲ ಅಂತ ಕೇಸು ಬಿದ್ದುಹೋಯಿತು. ಅವರ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಆಕೆ ಅದೇ ಊರಿನಲ್ಲಿ ಹುಟ್ಟಿದ್ದು ಸುಳ್ಳಾಗುತ್ತದಾ? ಹಾರುವ ತಟ್ಟೆಗೆ ಜಾಗ ಇದೆ, ಊರ ಮಗಳಿಗೆ ಇಲ್ಲ. ನನಗೆ ಇದು ಸಿಟ್ಟು ತರಿಸುತ್ತದೆ.

ಆಟಗಾರನಾಗಿ ಇನ್ನೊಂದು ತೊಂದರೆ ಕಾಣುತ್ತದೆ. ಬೋರ್ಡು ಹೋದರೆ ಲೆಕ್ಕ ಹೋಯಿತು. ಮೂರನೇ ಸಾಲಿನ ಪದ ಎಣಿಸಿ ಅಂದರೆ ಎಣಿಸಲು ಸಾಲೇ ಇಲ್ಲ. ಡಬ್ಬಿ ಎಲ್ಲೋ ಕೂತಿರುತ್ತದೆ, ಅದಕ್ಕೆ ದಾರಿ ಇರುವುದಿಲ್ಲ. ರಾಜಕೀಯವೇ ಆಗಬೇಕು ಅಂತಿಲ್ಲ. ಹಿಮ ತಳ್ಳುವ ಲಾರಿ ಗುದ್ದಿ ಬೀಳಿಸುತ್ತದೆ, ಬಣ್ಣ ಹೊಡೆಯಲು ತೆಗೆದುಕೊಂಡು ಹೋಗುತ್ತಾರೆ, ರಸ್ತೆ ಅಗಲ ಮಾಡುವಾಗ ಐವತ್ತಡಿ ಆಚೆ ನೆಡುತ್ತಾರೆ. ಬೋರ್ಡು ಕಾಣುತ್ತಿಲ್ಲ ಅಂತ ಮೊದಲು ಬರೆಯುವವರು ಡಬ್ಬಿ ಹುಡುಕಲು ಹೋದವರೇ. ಕೆಲವೊಮ್ಮೆ ಇಲಾಖೆಗೆ ಗೊತ್ತಾಗುವ ಮುಂಚೆ ಆ್ಯಪ್‌ನಲ್ಲಿ ಬಂದಿರುತ್ತದೆ. ಇಂಥ ಹೊತ್ತಿನಲ್ಲಿ ಕೈ ಹಿಡಿಯುವುದು 2006ರಲ್ಲಿ ಶುರುವಾದ ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್. ಸಾಮಾನ್ಯ ಜನ ಫೋಟೋ ತೆಗೆದು, ಬೋರ್ಡಿನ ಬರಹ ಪೂರ್ತಿ ಟೈಪ್ ಮಾಡಿ ಹಾಕಿರುವ ತಾಣ, 2 ಲಕ್ಷಕ್ಕೂ ಜಾಸ್ತಿ ಬೋರ್ಡುಗಳಿವೆ. ಅದನ್ನು ನೋಡಿ ಮನೆಯಲ್ಲೇ ಲೆಕ್ಕ ಮಾಡಿಕೊಂಡು ನೇರ ಡಬ್ಬಿಗೆ ಹೋಗುವವರೂ ಇದ್ದಾರೆ. ಮೋಸ ಅನ್ನಲಾರೆ. ಆದರೆ ಸೋಫಾದ ಮೇಲೆ ಕೂತು ಓದುವುದಕ್ಕೂ, ಆ ಜಾಗದಲ್ಲೇ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತು ಓದುವುದಕ್ಕೂ ವ್ಯತ್ಯಾಸ ಇದೆ. ಹಿಲ್ ದಂಪತಿಯ ಬೋರ್ಡಿನ ಹತ್ತಿರ ಕತ್ತಲಾಗುವ ಹೊತ್ತಿಗೆ ಹೋಗಿ ನೋಡಿ, ಆಚೀಚೆ ಬೆಟ್ಟ, ನಡುವೆ ಆ ಒಂದೇ ರಸ್ತೆ. ಆಕಾಶದಲ್ಲಿ ವಿಮಾನ ಹೋದರೂ ಎರಡು ಸಲ ನೋಡುತ್ತೀರಿ.

ಬೆಂಗಳೂರಿನಲ್ಲಿ ಆಡಬಹುದಾ ಅಂತ ತಮ್ಮ ಕೇಳುತ್ತಿದ್ದ. ಆಡಬಹುದು, ಆ್ಯಪ್ ತೆಗೆದರೆ ಅಲ್ಲೂ ಡಬ್ಬಿಗಳು ಕಾಣುತ್ತವೆ, ಇಲ್ಲಿನಷ್ಟು ಇಲ್ಲ. ಹುಡುಕುವುದು ಸುಲಭ, ಬಚ್ಚಿಡುವಾಗ ಯೋಚನೆ ಮಾಡಬೇಕು. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಅಂತ ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಕೂಗುವ ಊರಿನಲ್ಲಿ, ಗುಡಿಯ ಹತ್ತಿರ, ರೈಲ್ವೆ ಸ್ಟೇಷನ್ನಿನ ಹತ್ತಿರ ಡಬ್ಬಿ ಇಡುವುದು ಬುದ್ಧಿವಂತರ ಕೆಲಸ ಅಲ್ಲ. ಸಂರಕ್ಷಿತ ಸ್ಮಾರಕಗಳ ಒಳಗಂತೂ ಕೇಳಲೇಬೇಡಿ. ಡಬ್ಬಿ ಇಲ್ಲದೆ, ಫಲಕ ಓದಿ ಉತ್ತರ ಟೈಪ್ ಮಾಡಿದರೆ ಸಾಕು ಅನ್ನೋ ಥರದ ಆಟವೂ ಇದೆ, ಅಡ್ವೆಂಚರ್ ಲ್ಯಾಬ್ ಅಂತ. ನಮ್ಮ ಊರುಗಳಿಗೆ ಅದೇ ಸರಿ ಅಂತ ನನ್ನ ಅನಿಸಿಕೆ.

ಈಗ ನಾನೇ ಒಂದು ಡಬ್ಬಿ ಇಡಬೇಕು ಅಂತ ಹೊರಟಿದ್ದೇನೆ. ಬೋರ್ಡು ಆರಿಸಿದ್ದಾಯಿತು, ಲೆಕ್ಕ ಬರೆದದ್ದಾಯಿತು. ಹೈಫನ್ ಇರುವ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಡಬ್ಬಿಗೆ ನೀರು ಹೋಗದ ಹಾಗೆ ರಬ್ಬರ್ ರಿಂಗು ಇರುವ ಲೋಹದ ಕೊಳವೆ ತಂದಿದ್ದೇನೆ, ಚೀಟಿಗೆ ಒದ್ದೆಯಾಗದ ಕಾಗದ. ಜಾಗದ ಮಾಲೀಕರನ್ನು ಕೇಳಿ ಒಪ್ಪಿಸಿದೆ. ಹೊಸ ಡಬ್ಬಿಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರು ಇರುತ್ತಾರೆ, ಅವರಿಗೆ ಕಳಿಸಿದೆ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಅನ್ನೋದು ನಿಯಮ. ನಿಮ್ಮ ಜಾಗದಿಂದ ಸ್ವಲ್ಪ ದೂರದಲ್ಲೇ ಬೇರೊಬ್ಬರ ಡಬ್ಬಿ ಇದೆ, ಎಲ್ಲಿ ಅಂತ ಹೇಳುವ ಹಾಗಿಲ್ಲ, ಬೇರೆ ಜಾಗ ನೋಡಿ ಅಂತ ಉತ್ತರ ಬಂತು. ಆ್ಯಪ್‌ನಲ್ಲಿ ಆ ಸುತ್ತ ಏನೂ ಕಾಣುವುದಿಲ್ಲ. ಅಂದರೆ ಅದೂ ನನ್ನದರ ಹಾಗೆ ಯಾವುದೋ ಲೆಕ್ಕದ ಡಬ್ಬಿಯೇ, ಬಹುಶಃ ಅದೇ ಬೋರ್ಡನ್ನೋ ಪಕ್ಕದ ಊರಿನ ಬೋರ್ಡನ್ನೋ ಓದಿ ಹುಡುಕಬೇಕಾದದ್ದು. ಈ ಶನಿವಾರ ಮೊದಲು ಅದನ್ನು ಹುಡುಕಬೇಕು. ಅದು ಎಲ್ಲಿದೆ ಅಂತ ಗೊತ್ತಾದರೆ ನನ್ನದನ್ನು ಎಲ್ಲಿಗೆ ಸರಿಸಬೇಕು ಅಂತ ಗೊತ್ತಾಗುತ್ತದೆ. ಇಟ್ಟ ಮೇಲೆ ಇಲ್ಲೇ ಬರೆಯುತ್ತೇನೆ. ಯಾವ ಬೋರ್ಡು ಅಂತ ಮಾತ್ರ ಕೇಳಬೇಡಿ.